ಅತ್ತಿಯವರ ಹಾಡು ಮತ್ತ ಎಂಬಿಆರ್ ಡಿಸ್ಕು

ನಮ್ಮನಿ ಕಂಪ್ಯೂಟರ್ 2019ರಾಗ ಜೋಡಿಸಿ ತಂದದ್ದು. ಎಂಟನೇ ತಲೆಮಾರಿನ ಐ5, ಇನ್ನೂ ಗಟ್ಟಿ ಅದ. ಆದ್ರ 2025ರ ಅಕ್ಟೋಬರ್ 14ಕ್ಕ ವಿಂಡೋಸ್ 10ರ ಬೆಂಬಲ ಮುಗೀತು. ವಿಂಡೋಸ್ 11 ಹಾಕಲಿಕ್ಕೆ ಹೋದ್ರ ಈ ಪಿಸಿಗೆ ಆಗೂದಿಲ್ಲ ಅಂತು. ಯಂತ್ರ ಹಳೇದಲ್ಲ, ಅದು ಏಳೂ ರೀತಿ ಹಳೇದು. ಜೋಡಿಸಿದವರು ಲೆಗಸಿ ಬಯೋಸ್ ಇಟ್ಟು ವಿಂಡೋಸ್ ಹಾಕಿಕೊಟ್ಟಿದ್ರು, ಡಿಸ್ಕು ಎಂಬಿಆರ್. 11ಕ್ಕ ಯುಇಎಫ್‌ಐ ಬೇಕು, ಟಿಪಿಎಂ ಬೇಕು.

ಅಂಗಡಿಯವರನ್ನ ಕೇಳಿದ್ರ "ಫಾರ್ಮ್ಯಾಟ್ ಹೊಡೀಬೇಕ್ರಿ ಬಾಯಾರ, ಬ್ಯಾರೆ ದಾರಿ ಇಲ್ಲ" ಅಂದ್ರು. ಅವರಿಗೇನು, ಹೇಳಿಬಿಟ್ರು. ಇ ಡ್ರೈವ್‌ನ್ಯಾಗ ನಮ್ಮ ಅತ್ತಿಯವರ ದನಿ ಅದ. ಬೀಸೂ ಪದ, ಮದುವಿ ಹಾಡು, ತೊಟ್ಟಿಲ ಹಾಡು, ಒಟ್ಟು ನಲವತ್ತೊಂದು. ಅವರು ಹೋಗಿ ಮೂರು ವರ್ಷ ಆತು.

ಪುಣಾದಾಗಿರೂ ಮಗ ಫೋನಿನ್ಯಾಗ, "ಫಾರ್ಮ್ಯಾಟ್ ಬ್ಯಾಡ ಅಮ್ಮಾ. ವಿಂಡೋಸ್ 10ರೊಳಗ ಎಂಬಿಆರ್2ಜಿಪಿಟಿ ಅಂತ 2017ರಿಂದ ಅದ, ಅದ ಸಾಕು. ಮೊದಲ ಅಜ್ಜಿ ಹಾಡು ಹೊರಗ ತಗಿ" ಅಂದ.

ತಗದೆ. ಪೆನ್‌ಡ್ರೈವಿಗೆ ಒಂದು ಪ್ರತಿ, ನಮ್ಮವರ ಲ್ಯಾಪ್‌ಟಾಪಿಗೆ ಒಂದು. ಕಾಪಿ ಆತು ಅಂದ್ರ ನಂಬಬಾರದು, ಹಚ್ಚಿ ಕೇಳಬೇಕು. ಸಂಜಿಮುಂದ ಚಹಾ ಕುಡಕೋತ ಒಂದೊಂದ ಕೇಳಿದ್ವಿ. ಒಂದು ಬೀಸೂ ಪದದ ನಡುವ ಅತ್ತಿ ಕೆಮ್ಮಿ, "ತಡಿ, ಮತ್ತ ಮೊದಲಿಂದ ಹೇಳತೀನಿ" ಅಂದದ್ದೂ ಬಂತು. ನಮ್ಮವರು ಎದ್ದು ಹಿತ್ತಲಕ್ಕ ಹೋದ್ರು.

ಮರುದಿನ ಅಡ್ಮಿನಿಸ್ಟ್ರೇಟರ್ ಆಗಿ ಕಪ್ಪು ಕಿಟಕಿ ತಗದು ಪರೀಕ್ಷಾ ಆಜ್ಞೆ ಕೊಟ್ಟೆ. ಫೇಲ್. ಡಿಸ್ಕಿನ್ಯಾಗ ಮೂರಕ್ಕಿಂತ ಹೆಚ್ಚು ಮುಖ್ಯ ಭಾಗ ಇದ್ರ ಅದು ಒಪ್ಪೂದಿಲ್ಲ, ನಮ್ಮದರಾಗ ನಾಕು. ಅಂದ್ರ ಇ ಡ್ರೈವ್ ಅಳಸಬೇಕು. ಎರಡು ಪ್ರತಿ ಇದ್ರೂ ಡಿಲೀಟ್ ಒತ್ತೂಮುಂದ ಕೈ ನಡುಗಿತು.

ಆಮ್ಯಾಲೆ ಪರೀಕ್ಷಾ ಪಾಸಾತು. ಬದಲಾಯಿಸೂ ಆಜ್ಞೆ ಕೊಟ್ರ ಕುಕ್ಕರಿನ ಒಂದು ಸೀಟಿ ಆಗೂದರಾಗ ಮುಗೀತು. ಸಿ, ಡಿ ಇದ್ದಂಗ ಇದ್ವು. ಆದ್ರ ಇಲ್ಲಿಗೇ ಬಿಟ್ರ ವಿಂಡೋಸ್ ಏಳೂದಿಲ್ಲ. ಹಳೇ ಬಯೋಸ್ ಡಿಸ್ಕಿನ ಮೊದಲನೇ ಸೆಕ್ಟರ್ ಓದಿ ಶುರು ಮಾಡತದ, ಯುಇಎಫ್‌ಐ ಹೊಸಾ ಇಎಫ್‌ಐ ಭಾಗದಾಗಿನ ಬೂಟ್ ಫೈಲ್ ಹುಡುಕತದ. ಅದಕ್ಕ ಮತ್ತ ಶುರು ಮಾಡೂಮುಂದ ಡಿಲೀಟ್ ಕೀಲಿ ಒತ್ತಿ, ಸಿಎಸ್‌ಎಂ ಬಂದ್ ಮಾಡಿ, ಯುಇಎಫ್‌ಐ ಆರಿಸಿದೆ. ಟಿಪಿಎಂ ಸಲುವಾಗಿ ಅಲ್ಲೇ ಪಿಟಿಟಿ ಅನ್ನೂದನ್ನೂ ಚಾಲೂ ಮಾಡಿದೆ. ಮಗ ಆ ಕಡೆ ಉಸಿರು ಹಿಡದು ಕೂತಿದ್ದ. ವಿಂಡೋಸ್ ಎದ್ದಿತು. ಸಿಸ್ಟಮ್ ಮಾಹಿತಿಯೊಳಗ ಬಯೋಸ್ ಮೋಡ್ ಎದುರಿಗೆ ಯುಇಎಫ್‌ಐ ಅಂತ ಇತ್ತು.

ಐತವಾರ 11 ಹಾಕಿದ್ವಿ. ಹಾಡು ಡಿ ಡ್ರೈವಿಗೆ ಬಂದಾವ. ಪೆನ್‌ಡ್ರೈವ್ ದೇವರ ಮನಿ ಕಪಾಟಿನ್ಯಾಗ ಅದ. ನಾದಿನಿ ತನಗೂ ಒಂದು ಪ್ರತಿ ಬೇಕಂತ ಫೋನ್ ಮಾಡ್ಯಾಳ, ಆ ಕೆಮ್ಮು ಕತ್ತರಸಬ್ಯಾಡ ಅಂತನೂ ಹೇಳ್ಯಾಳ.