ಮಾಲ್ಗುಡಿಗಿಂತ ಮುಂಚಿನ ಅರಸಾಳು

ಆರ್.ಕೆ. ನಾರಾಯಣ್ ಅವರಿಗೆ ಮಾಲ್ಗುಡಿ ಹೊಳೆದದ್ದು 1930ರ ವಿಜಯದಶಮಿಯ ದಿನ, ಬೆಂಗಳೂರಿನಲ್ಲಿ. ಮೊದಲು ಕಣ್ಣೆದುರು ಬಂದದ್ದು ಒಂದು ಪುಟ್ಟ ರೈಲು ನಿಲ್ದಾಣವಂತೆ. ಊರು ಬೆಳೆದದ್ದು ಆಮೇಲೆ. ಭೂಪಟದಲ್ಲೇ ಇಲ್ಲದ ಆ ನಿಲ್ದಾಣಕ್ಕೆ ಎಂಬತ್ತರ ದಶಕದಲ್ಲಿ ಶಂಕರ್‌ನಾಗ್ ಒಂದು ವಿಳಾಸ ಕೊಟ್ಟರು. ಅದೇ ಹೊಸನಗರ ತಾಲ್ಲೂಕಿನ ಅರಸಾಳು. ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಊರಾಗಿ ಒದಗಿದ್ದು ಆಗುಂಬೆ, ಸ್ಟೇಷನ್ನು ಮಾತ್ರ ನಮ್ಮದು.

ಟಿ.ವಿ.ಯವರು ಬರುವ ಮುಂಚೆಯೂ ಅದು ನಮ್ಮದೇ ಆಗಿತ್ತು ಅನ್ನಿ. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಬಂದ ಮೀಟರ್ ಗೇಜ್ ಹಳಿಯನ್ನು ಮೈಸೂರು ಸಂಸ್ಥಾನದ ಕಾಲದಲ್ಲೇ ತಾಳಗುಪ್ಪದವರೆಗೆ ಎಳೆದಿದ್ದರು. ಕುಂಸಿ ದಾಟಿ ಕಾಡು ಹೊಕ್ಕರೆ ಅರಸಾಳು. ಮುಂದೆ ಆನಂದಪುರ, ಸಾಗರ.

ನನ್ನ ಅಕ್ಕ ಪಿಯುಸಿ ಓದಿದ್ದು ಈ ರೈಲಿನ ದಯೆಯಿಂದ. ಸಾಗರದಲ್ಲಿ ಹಾಸ್ಟೆಲ್ಲಿಗೆ ಕಟ್ಟುವ ಶಕ್ತಿ ಅಪ್ಪನಿಗಿರಲಿಲ್ಲ. ಬಸ್ಸಿನ ಖರ್ಚು ಲೆಕ್ಕ ಹಾಕಿ, “ಹತ್ತನೇ ಕ್ಲಾಸು ಸಾಕು ಬಿಡು” ಅಂದುಬಿಟ್ಟಿದ್ದರು. ಯಾರಿಗೂ ಹೇಳದೆ ಸ್ಟೇಷನ್ನಿಗೆ ಹೋಗಿ ವಿದ್ಯಾರ್ಥಿ ಪಾಸಿನ ದರ ಕೇಳಿಕೊಂಡು ಬಂದವಳು ಅಮ್ಮ. ಅಕ್ಷರ ಬಾರದ ಅಮ್ಮ! ಅಪ್ಪ ಆ ರಾತ್ರಿ ಊಟ ಮಾಡುತ್ತ ಏನೂ ಮಾತಾಡಲಿಲ್ಲ. ಬೆಳಿಗ್ಗೆ ಅಡಿಕೆ ಮಾರಿದ ದುಡ್ಡಿನಲ್ಲಿ ಅಷ್ಟನ್ನು ಎಣಿಸಿ ಕೊಟ್ಟರು. ಎರಡು ವರ್ಷ ಅಕ್ಕ ತೊಡೆಯ ಮೇಲೆ ಪುಸ್ತಕ ಬಿಚ್ಚಿಕೊಂಡೇ ಹೋಗಿಬಂದಳು. ರೈಲು ನಿಧಾನವಾಗಿದ್ದದ್ದೇ ತನ್ನ ಪಾಲಿನ ಟ್ಯೂಷನ್ ಅನ್ನುವುದು ಈಗಲೂ ಅವಳ ತಮಾಷೆ. ಮುಂದೆ ಅವಳು ಟೀಚರ್ ಆದಳು.

ಕೊನೆಕೊನೆಗೆ ಆ ಹಳಿಯ ಮೇಲೆ ರೈಲ್‌ಬಸ್ ಓಡುತ್ತಿತ್ತು. ಆಮೇಲೆ ಬ್ರಾಡ್‌ಗೇಜ್ ಬಂತು. ಒಂದು ಮೀಟರ್ ಅಗಲದ ಹಳಿ ಹೋಗಿ 1,676 ಮಿಲಿಮೀಟರ್ ಅಗಲದ್ದು ಬರಬೇಕಾದರೆ ಸೇತುವೆ, ಪ್ಲಾಟ್‌ಫಾರಂ ಎಲ್ಲವೂ ಬದಲಾಗಬೇಕಲ್ಲ? ಅರಸಾಳಿಗೆ ಹೊಸ ನಿಲ್ದಾಣವಾಯಿತು, ಹಳೆಯದು ಪಾಳುಬಿತ್ತು. 2020ರಲ್ಲಿ ಅದಕ್ಕೆ ಮತ್ತೆ ಜೀವ ಬಂದದ್ದು ಮಾಲ್ಗುಡಿ ಮ್ಯೂಸಿಯಂ ಆಗಿ. ಧಾರಾವಾಹಿಗೆ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಕಟ್ಟಡವನ್ನು ರೂಪಿಸಿಕೊಟ್ಟರು. ಹಳೆಯ ಬೋಗಿಯೊಂದು ಚಹಾ ಅಂಗಡಿಯಾಯಿತು.

ಕಟ್ಟುಕತೆಯ ಊರೊಂದು ನಿಜವಾದ ಕಟ್ಟಡವನ್ನು ಉಳಿಸಿತಲ್ಲ, ನನಗೆ ಸಂತೋಷವೇ. ಆದರೆ ಸ್ವಾಮಿಯ ಪಕ್ಕದಲ್ಲಿ ಪಾಸು ಹಿಡಿದು ನಿಂತ ಹುಡುಗಿಯರಿಗೂ ಒಂದಿಷ್ಟು ಜಾಗ ಇರಬೇಕಿತ್ತು ಅನ್ನಿಸುತ್ತದೆ. ಹೋದ ವರ್ಷ ಅಕ್ಕನನ್ನು ಕರೆದುಕೊಂಡು ಹೋಗಿದ್ದೆ. ಮೊಮ್ಮಗಳು ಫೋಟೋ ತೆಗೆಯುತ್ತಿದ್ದರೆ ಅಕ್ಕ ಗೋಡೆಯ ಒಂದು ಮೂಲೆ ತೋರಿಸಿ, “ಮಳೆ ಬಂದರೆ ಇಲ್ಲೇ ನಿಲ್ಲುತ್ತಿದ್ದೆವು, ಪುಸ್ತಕ ನೆನೀತಿರಲಿಲ್ಲ” ಅಂದಳು.