ಏಳದ ರೆಕ್ಕೆ, ಉರಿಯದ ದೀಪ

ಕಾರಿನ ಹಿಂಬದಿಯ ಸ್ಪಾಯ್ಲರ್ ತಾನಾಗಿ ಮೇಲೇಳಬಾರದು, ಹಾಗಂತ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ದೀಪವೂ ಹೊತ್ತಬಾರದು. ಸ್ಪೋರ್ಟ್ಸ್ ಕಾರು ಇಟ್ಟುಕೊಂಡ ಕೆಲವರಿಗೆ ಹೀಗೊಂದು ಆಸೆ ಇರುತ್ತದೆ. ಆಸೆಯ ಮೊದಲ ಅರ್ಧದ ಬಗ್ಗೆ ನನ್ನ ತಕರಾರೇನೂ ಇಲ್ಲ. ಎರಡನೆಯ ಅರ್ಧದ ಬಗ್ಗೆ ನಾಲ್ಕು ಮಾತು ಆಡಬೇಕಾಗಿದೆ. ಆದರೆ ಆ ಸ್ಪಾಯ್ಲರ್ ಕಾರಿನ ಬೆನ್ನಿಗೆ ಬಂದು ಸೇರಿದ್ದೇ ಒಂದು ಒಳ್ಳೆಯ ಕಥೆ. ಅದನ್ನು ಬಿಟ್ಟು ಮುಂದೆ ಹೋಗಲು ಮನಸ್ಸು ಬರುವುದಿಲ್ಲ.

ಪೋರ್ಷೆ 911ರ ಬೆನ್ನನ್ನು ಒಮ್ಮೆ ಪಕ್ಕದಿಂದ ನೋಡಬೇಕು. ಛಾವಣಿಯಿಂದ ಬಂಪರಿನವರೆಗೆ ಒಂದೇ ಇಳಿಜಾರು, ಎಲ್ಲೂ ತಡೆಯಿಲ್ಲ. ಕಣ್ಣಿಗೆ ಅಷ್ಟು ಹಿತವಾದ ಆ ಇಳಿಜಾರೇ ಗಾಳಿಯ ಲೆಕ್ಕದಲ್ಲಿ ತೊಂದರೆ. ಬಾಗಿದ ಮೈಮೇಲೆ ಗಾಳಿ ರಭಸದಿಂದ ಹಾಯುವಾಗ ಒತ್ತಡ ಕಡಿಮೆಯಾಗಿ ಕಾರಿನ ಹಿಂಭಾಗವನ್ನು ಮೇಲಕ್ಕೆ ಎತ್ತಲು ನೋಡುತ್ತದೆ. ಆ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 60 ಕಿಲೋಮೀಟರಿನಲ್ಲಿ ಇದ್ದದ್ದು 120ರಲ್ಲಿ ನಾಲ್ಕು ಪಟ್ಟು, 240ರಲ್ಲಿ ಹದಿನಾರು ಪಟ್ಟು. ನಮ್ಮ ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನ ಗಾಳಿ ಸುರಂಗಗಳಲ್ಲಿ ವಿಮಾನದ ಮಾದರಿಗಳನ್ನು ನಿಲ್ಲಿಸಿ ಅಳೆಯುವ ಬಲಗಳಲ್ಲಿ ಇದೂ ಒಂದು. ವಿಮಾನಕ್ಕೆ ಅದೇ ಬದುಕು. ನೆಲ ಬಿಡಬಾರದ ಕಾರಿಗೆ ಅದು ಬೇಡ.

1972ರ ಅಕ್ಟೋಬರಿನಲ್ಲಿ ಪ್ಯಾರಿಸ್ ಮೋಟಾರ್ ಪ್ರದರ್ಶನಕ್ಕೆ ಪೋರ್ಷೆಯವರು ಕರೇರಾ ಆರ್‌ಎಸ್ 2.7 ತಂದಿಟ್ಟಾಗ ಅದರ ಹಿಂಭಾಗದಲ್ಲಿ ಬಾತುಕೋಳಿಯ ಬಾಲದಂತೆ ಮೇಲಕ್ಕೆ ತಿರುಗಿದ ಒಂದು ಅಂಚಿತ್ತು. ರೇಸಿನ ನಿಯಮಕ್ಕೆಂದು 500 ಕಾರು ಮಾಡಿದರೆ ಸಾಕೆಂದುಕೊಂಡಿದ್ದರು, ಕೊನೆಗೆ 1,580 ತಯಾರಾದವು. ಬಾಲ ಕೆಲಸ ಮಾಡಿತು. ಆದರೆ ಆ ನುಣುಪಾದ ಇಳಿಜಾರನ್ನು ಮೆಚ್ಚಿ 911 ಕೊಳ್ಳುವವರಿಗೆ ಬಾಲ ಯಾವಾಗಲೂ ಕಣ್ಣಿಗೆ ಚುಚ್ಚುತ್ತದಲ್ಲ? ಇದಕ್ಕೆ ಉತ್ತರ 1989ರಲ್ಲಿ, 964 ಎಂಬ ಸಂಕೇತದ 911ರ ಜೊತೆ ಬಂತು. ನಿಂತಾಗ ಮೈಯೊಳಗೆ ಅಡಗಿರುವ ಸ್ಪಾಯ್ಲರ್ 80 ಕಿಲೋಮೀಟರ್ ವೇಗಕ್ಕೆ ಮೋಟರಿನ ಸಹಾಯದಿಂದ ಮೇಲೇಳುತ್ತದೆ, ಕಾರು ಬಹುತೇಕ ನಿಲ್ಲುವಷ್ಟು ನಿಧಾನವಾದಾಗ ಮಲಗುತ್ತದೆ. ಆ ಕಾರಿನದು ಗಾಳಿಯಿಂದಲೇ ತಣಿಯುವ ಎಂಜಿನ್, ಅದಿರುವುದೂ ಹಿಂದೆಯೇ. ಸ್ಪಾಯ್ಲರ್ ಎದ್ದರೆ ಎಂಜಿನ್ನಿಗೆ ಗಾಳಿ ಹೆಚ್ಚು ಸಿಗುತ್ತದೆ ಎಂಬುದು ಇನ್ನೊಂದು ಲಾಭ. 1996ರಲ್ಲಿ ಬಂದ ಪೋರ್ಷೆಯ ಬಾಕ್ಸ್‌ಸ್ಟರ್‌ನಲ್ಲಿ ಅದು ಏಳುವುದು 120ಕ್ಕೆ, ಇಳಿಯುವುದು 80ಕ್ಕೆ.

ಏಳುವ ಹೊತ್ತನ್ನು ಸವಾರನೇ ನಿರ್ಧರಿಸುತ್ತಿದ್ದ ಕಾಲವೂ ಇತ್ತು. ಟೆಕ್ಸಾಸ್‌ನ ಜಿಮ್ ಹಾಲ್ 1966ರ ತಮ್ಮ ಚಾಪರಲ್ 2ಇ ರೇಸ್ ಕಾರಿಗೆ ಎರಡು ಕಂಬಗಳ ಮೇಲೆ ಎತ್ತರದ ರೆಕ್ಕೆ ಕಟ್ಟಿದ್ದರು. ಆ ಕಾರಿನಲ್ಲಿ ಕ್ಲಚ್ ಪೆಡಲ್ ಇರಲಿಲ್ಲ, ಎಡಗಾಲಿಗೆ ಬಿಡುವು. ನೇರ ದಾರಿಯಲ್ಲಿ ಎಡಗಾಲಿನ ಪೆಡಲ್ ಒತ್ತಿದರೆ ರೆಕ್ಕೆ ಮಟ್ಟಸವಾಗಿ ಮಲಗುತ್ತಿತ್ತು, ತಿರುವಿನಲ್ಲಿ ಬಿಟ್ಟರೆ ಓರೆಯಾಗಿ ಕಾರನ್ನು ನೆಲಕ್ಕೆ ಒತ್ತುತ್ತಿತ್ತು. ಎಷ್ಟು ಚೆಂದದ ಯೋಚನೆ! ರೇಸಿನ ಕಾರುಗಳಿಗೆ ಹಾಗೆ ಚಲಿಸುವ ರೆಕ್ಕೆಯನ್ನು ನಿಯಮ ಮಾಡುವವರು ಕೆಲವೇ ವರ್ಷಗಳಲ್ಲಿ ನಿಷೇಧಿಸಿದರು. ರಸ್ತೆಯ ಕಾರಿನಲ್ಲಿ ಆ ಕೆಲಸವನ್ನು ಕಾಲಿನಿಂದ ಕಿತ್ತು ಕಂಟ್ರೋಲ್ ಯೂನಿಟ್ಟಿಗೆ ಒಪ್ಪಿಸಿದ್ದಾಯಿತು. ಬುಗಾಟಿ ವೇರಾನ್‌ನ ರೆಕ್ಕೆಯಂತೂ 200ಕ್ಕಿಂತ ಹೆಚ್ಚಿನ ವೇಗದಲ್ಲಿ ಬ್ರೇಕ್ ತುಳಿದರೆ 0.4 ಸೆಕೆಂಡಿನಲ್ಲಿ 55 ಡಿಗ್ರಿ ಎದ್ದು ನಿಂತು ಗಾಳಿಗೇ ಎದೆಕೊಟ್ಟು ಕಾರನ್ನು ತಡೆಯುತ್ತದೆ.

ಸರಿ, ಇಷ್ಟು ಉಪಕಾರಿಯಾದದ್ದನ್ನು ಯಾಕೆ ನಿಲ್ಲಿಸಬೇಕು ಅನ್ನುತ್ತೀರಾ? ಕಾರಣಗಳು ಹಲವು. ಹಳೆಯ ಕಾರಿನಲ್ಲಿ ಗಿಯರ್ ಸವೆದು, ಒಂದು ಬದಿ ಏಳುತ್ತದೆ, ಇನ್ನೊಂದು ಬದಿ ಏಳುವುದಿಲ್ಲ. ಕೆಲವರು ಸ್ಥಿರವಾದ ಬಾತುಬಾಲವನ್ನೇ ತಂದು ಕೂರಿಸುತ್ತಾರೆ, ಅದರಡಿ ಏಳುವುದಕ್ಕೆ ಜಾಗವಿರುವುದಿಲ್ಲ. ಸ್ಪಾಯ್ಲರ್ ಎದ್ದಿತೆಂದರೆ ಹಿಂದೆ ಬರುವ ಪೊಲೀಸರಿಗೆ ಈ ಕಾರಿನ ವೇಗ ಎಷ್ಟೆಂದು ಮೀಟರ್ ಇಲ್ಲದೆಯೇ ಗೊತ್ತಾಗುತ್ತದೆ ಎಂಬ ಅಳುಕು ಇನ್ನು ಕೆಲವರಿಗೆ. ಈ ಕೊನೆಯ ಕಾರಣಕ್ಕೆ ನನ್ನ ಸಹಾನುಭೂತಿ ಇಲ್ಲ. ಉಳಿದದ್ದು ರುಚಿಯ ಮಾತು, ಅದನ್ನು ನಾನು ಗೌರವಿಸುತ್ತೇನೆ. 2017ರಲ್ಲಿ ಪೋರ್ಷೆಯೇ ಜಿಟಿ3ರ ಟೂರಿಂಗ್ ಮಾದರಿ ತಂದಾಗ ಆ ಕಾರಿನ ದೊಡ್ಡ ಸ್ಥಿರ ರೆಕ್ಕೆಯನ್ನು ತೆಗೆಯಿತು. ರೆಕ್ಕೆ ಬೇಡವೆನ್ನುವವರ ಕಣ್ಣಿಗೆ ಬೆಲೆ ಸಿಕ್ಕಿತು. ಆದರೆ ಅವರು ಬೆನ್ನನ್ನು ಬರಿದಾಗಿ ಬಿಡಲಿಲ್ಲ, ವೇಗಕ್ಕೆ ಏಳುವ ಸ್ಪಾಯ್ಲರನ್ನು ಅಲ್ಲಿಟ್ಟರು.

ಬರಿದಾಗಿ ಬಿಟ್ಟರೆ ಏನಾಗಬಹುದು ಎಂಬುದಕ್ಕೆ ಆಡಿ ಟಿಟಿಯ ಕಥೆ ಇದೆ. 1998ರಲ್ಲಿ ಮಾರಾಟಕ್ಕೆ ಬಂದ ಈ ಪುಟ್ಟ ಕೂಪೆಯ ಹಿಂಭಾಗ ಕಮಾನಿನಂತೆ ದುಂಡಗೆ, ಒಂದು ಗೀರೂ ಇಲ್ಲದಂತೆ ಇತ್ತು. ವಿನ್ಯಾಸ ಪ್ರಿಯರು ತಲೆಯ ಮೇಲೆ ಹೊತ್ತು ಮೆರೆಸಿದರು. ಜರ್ಮನಿಯ ಆಟೋಬಾನ್‌ಗಳಲ್ಲಿ ಬಹುವೇಗದಲ್ಲಿ ಲೇನ್ ಬದಲಿಸುವಾಗ, ತಿರುವಿನಲ್ಲಿ ಆಕ್ಸಲರೇಟರ್ ಬಿಟ್ಟಾಗ ಕೆಲವು ಕಾರುಗಳ ಹಿಂಭಾಗ ಜಾರಿತು. ಜನ ಸತ್ತರು. ಕಂಪನಿ ಕಾರುಗಳನ್ನು ವಾಪಸು ಕರೆಸಿ ಸಸ್ಪೆನ್ಷನ್ ಬದಲಿಸಿತು, ಜಾರುವುದನ್ನು ತಡೆಯುವ ಇಎಸ್‌ಪಿ ಸೇರಿಸಿತು, ಡಿಕ್ಕಿಯ ಮೇಲೆ ಸಣ್ಣದೊಂದು ಸ್ಪಾಯ್ಲರ್ ಕೂರಿಸಿತು. ಆ ಪುಟ್ಟ ಅಂಚು ಅಂದ ಕೆಡಿಸಿತೆಂದು ಬೇಸರಪಟ್ಟ ಮಾಲೀಕರೂ ಇದ್ದರು. ಅವರ ಬೇಸರ ನನಗೆ ಅರ್ಥವಾಗುತ್ತದೆ, ಮೊದಲ ಟಿಟಿ ನಿಜಕ್ಕೂ ಅಷ್ಟು ಚೆಂದ. 2006ರಲ್ಲಿ ಎರಡನೆಯ ತಲೆಮಾರಿನ ಟಿಟಿ ಬಂದಾಗ ಅದರಲ್ಲಿ ವೇಗಕ್ಕೆ ಏಳುವ ಸ್ಪಾಯ್ಲರ್ ಇತ್ತು.

ಈಗ ದೀಪದ ವಿಷಯ. ಸ್ಪಾಯ್ಲರ್ ಏಳಬೇಕಾದ ವೇಗ ಬಂದಾಗ ಕಂಟ್ರೋಲ್ ಯೂನಿಟ್ ಮೋಟರಿಗೆ ಕರೆಂಟು ಕೊಟ್ಟು ಸುಮ್ಮನೆ ಕೂರುವುದಿಲ್ಲ. ಮೇಲೆ ಮುಟ್ಟಿದೆ, ಕೆಳಗೆ ಕೂತಿದೆ ಎಂದು ತಿಳಿಸಲು ಒಂದು ಸಣ್ಣ ಸ್ವಿಚ್ಚೋ ಸೆನ್ಸರೋ ಇರುತ್ತದೆ. ಹೇಳಿದಷ್ಟು ಹೊತ್ತಿನಲ್ಲಿ ಉತ್ತರ ಬರದಿದ್ದರೆ ಎಲ್ಲೋ ಸಿಕ್ಕಿಕೊಂಡಿದೆ ಎಂದು ತಿಳಿದು ದೀಪ ಹೊತ್ತಿಸುತ್ತದೆ. ಆದ್ದರಿಂದ ಫ್ಯೂಸ್ ಕಿತ್ತರೆ ರೆಕ್ಕೆ ನಿಲ್ಲುತ್ತದೆ, ದೀಪ ಬರುತ್ತದೆ. ಬಲ್ಬನ್ನೇ ತೆಗೆದರೆ, ಕೀಲಿ ತಿರುಗಿಸಿದ ಕ್ಷಣ ಎಲ್ಲ ದೀಪಗಳೂ ಒಮ್ಮೆ ಹೊತ್ತಿ ಆರುವಾಗ ಆ ಒಂದು ಮಾತ್ರ ಹೊತ್ತುವುದಿಲ್ಲ, ನೋಡುವ ಕಣ್ಣಿಗೆ ತಿಳಿಯುತ್ತದೆ.

ಇದಕ್ಕಿಂತ ಜಾಣತನದ ದಾರಿಗಳಿವೆ. ಮೋಟರಿನಿಂದ ಸರಳುಗಳನ್ನು ಬೇರ್ಪಡಿಸಿದರೆ ಮೋಟರು ತಿರುಗುತ್ತದೆ, ಸ್ವಿಚ್ಚು ಅದರ ಬಳಿಯೇ ಇರುವ ಕಾರುಗಳಲ್ಲಿ ಉತ್ತರವೂ ಹೋಗುತ್ತದೆ, ರೆಕ್ಕೆ ಮಾತ್ರ ಮಲಗಿರುತ್ತದೆ. ಸೆನ್ಸರಿನ ಜಾಗದಲ್ಲಿ ‘ಎದ್ದಿದೆ, ಕೂತಿದೆ’ ಎಂದು ಸದಾ ಉತ್ತರಿಸುವ ಪುಟ್ಟ ಪೆಟ್ಟಿಗೆ ಜೋಡಿಸುವವರೂ ಇದ್ದಾರೆ. ಮೂರನೆಯದು ಕೋಡಿಂಗ್: ಸ್ಕ್ಯಾನರ್ ಹಾಕಿ, ಅದಕ್ಕೆ ಅವಕಾಶವಿರುವ ಕಾರುಗಳಲ್ಲಿ, ಇದರಲ್ಲಿ ಏಳುವ ಸ್ಪಾಯ್ಲರೇ ಇಲ್ಲ ಎಂದು ಕಂಟ್ರೋಲ್ ಯೂನಿಟ್ಟಿಗೆ ತಿಳಿಸುವುದು.

ಮೂರಕ್ಕೂ ಫಲ ಒಂದೇ. ಆದರೂ ಮೂರನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗಲಾರೆ. ಕೋಡಿಂಗ್ ಮಾಡಿದಾಗ ಕಾರಿಗೆ ನಿಜವನ್ನೇ ಹೇಳಿದಂತಾಯಿತು. ನಾಳೆ ಬೇರೆ ಮೆಕ್ಯಾನಿಕ್ ಸ್ಕ್ಯಾನರ್ ಹಾಕಿದರೂ ಏನು ಬದಲಾಗಿದೆ ಎಂಬುದು ಅವನಿಗೆ ಸಿಗುತ್ತದೆ. ಉಳಿದೆರಡರಲ್ಲಿ ರೆಕ್ಕೆ ಎದ್ದಿದೆ ಎಂದು ಕಾರು ನಂಬಿದೆ, ಸ್ಟಿಯರಿಂಗ್ ಹಿಡಿದವನೂ ನಂಬುತ್ತಾನೆ. ಬದಲಿಸಿದವನಿಗೆ ಗೊತ್ತಿರಬಹುದು. ಎರಡು ವರ್ಷ ಬಿಟ್ಟು ಆ ಕಾರು ಕೊಂಡವನಿಗೆ ಯಾರು ಹೇಳುತ್ತಾರೆ? ಸ್ಪಾಯ್ಲರ್ ದೀಪ ಬಂದರೆ ಹಿಂಭಾಗದ ಹಿಡಿತ ಕಡಿಮೆಯಾಗಿರುತ್ತದೆ, ಅದಕ್ಕೆ ತಕ್ಕಂತೆ ಓಡಿಸಿ ಎಂದು ಇಂಥ ಕಾರುಗಳ ಕೈಪಿಡಿಯಲ್ಲಿ ಬರೆದಿರುತ್ತಾರೆ. ಆ ಮಾತು ಅವನಿಗೆ ಮುಟ್ಟುವ ಏಕೈಕ ಬಾಗಿಲು ಆ ದೀಪ. ಅದನ್ನು ಮುಚ್ಚುವ ಹಕ್ಕು ಹಿಂದಿನ ಮಾಲೀಕನಿಗೆ ಇದೆಯೆಂದು ನನಗೆ ಅನಿಸುವುದಿಲ್ಲ.

ಕರ್ನಾಟಕದಲ್ಲಿ ಇದರ ಗೊಡವೆ ಎಷ್ಟು ಎಂದು ಕೇಳಬಹುದು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ವೇಗದ ಮಿತಿ 100. ಕಾನೂನಿನ ಪ್ರಕಾರ ಓಡಿಸುವವನ ಬಾಕ್ಸ್‌ಸ್ಟರ್ ಮಂಡ್ಯ, ಶ್ರೀರಂಗಪಟ್ಟಣ ಎಲ್ಲ ದಾಟಿ ಮೈಸೂರು ಮುಟ್ಟಿದರೂ ಸ್ಪಾಯ್ಲರ್ ಎತ್ತುವ ಪ್ರಸಂಗ ಬರುವುದಿಲ್ಲ. 964 ಆದರೆ ದಾರಿಯುದ್ದಕ್ಕೂ ಎತ್ತಿಕೊಂಡೇ ಹೋಗುತ್ತದೆ. ಹಾಗೆಂದು ಇಲ್ಲಿ ಏನು ಬೇಕಾದರೂ ಮಾಡಬಹುದು ಎಂದಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡಿಗೆ ಕಡಿವಾಣ ಹಾಕಿದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ ಎಂದಿತು. ಜರ್ಮನಿಯಲ್ಲಿ ಇನ್ನೂ ಬಿಗಿ. ಅಪಾಯ ತರಬಹುದಾದ ಮಾರ್ಪಾಡು ಮಾಡಿದರೆ ಕಾರು ರಸ್ತೆಗಿಳಿಯುವ ಅನುಮತಿಯೇ ರದ್ದಾಗುತ್ತದೆ.

ನನ್ನನ್ನು ಕೇಳಿದರೆ, ಸವೆದ ಗಿಯರನ್ನು ಬದಲಿಸಿಕೊಂಡು ರೆಕ್ಕೆಗೆ ಅದರ ಕೆಲಸ ಮಾಡಲು ಬಿಡುವುದೇ ಇಷ್ಟ. ಕನ್ನಡಿಯಲ್ಲಿ ಅದು ಮೆಲ್ಲಗೆ ಮೇಲೇಳುವುದನ್ನು ನೋಡುವುದೂ ಈ ಕಾರುಗಳ ಒಂದು ಸುಖ. ಬೇಡವೇ ಬೇಡ ಎನ್ನುವವರು ಕೋಡಿಂಗ್ ಮಾಡಿಸಲಿ, ಮಾಡಿಸಿದ್ದನ್ನು ಸರ್ವಿಸ್ ಪುಸ್ತಕದಲ್ಲಿ ದಿನಾಂಕದ ಸಮೇತ ಬರೆದಿಡಲಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕೀಲಿ ತಿರುಗಿಸಿದಾಗ ಸ್ಪಾಯ್ಲರಿನ ದೀಪ ಒಮ್ಮೆ ಹೊತ್ತಿ ಆರುತ್ತದೆಯೇ ನೋಡಬೇಕು. ರೆಕ್ಕೆ ಎತ್ತುವ ಬಟನ್ ಇರುವ ಕಾರಾದರೆ ಅದನ್ನು ಒತ್ತಿ, ಕೆಳಗಿಳಿದು ಹಿಂದೆ ಹೋಗಿ, ಎರಡೂ ಬದಿ ಸಮನಾಗಿ ಎದ್ದಿದೆಯೇ ಎಂದು ಕಣ್ಣಾರೆ ಕಂಡ ಮೇಲೆಯೇ ಹಣದ ಮಾತು.