ಗೆದ್ದರೂ ಸೊನ್ನಿ

ಆಸ್ಟ್ರೇಲಿಯಾದ ಮೆಲ್ಬರ್ನ್ ಸ್ಟಾರ್ಮ್ ಅನ್ನೋ ರಗ್ಬಿ ಲೀಗ್ ಕ್ಲಬ್ಬಿನ 2010ರ ಕಥಿ ಕೇಳ್ರಿ. ಒಂದ್ ಕಡೆ 13 ಮಂದಿ, ತತ್ತಿ ಆಕಾರದ ಚೆಂಡು ಎದಿಗೆ ಅವಚಿಕೊಂಡು ಓಡೋ ಆಟ ಅದು. ತಂಡದ ಒಟ್ಟು ಪಗಾರಕ್ಕ ಅಲ್ಲೆ ಮಿತಿ ಅದ. ಈ ಕ್ಲಬ್ಬಿನ ಆಡಳಿತದವರು ಎರಡೆರಡು ಲೆಕ್ಕದ ವಹಿ ಇಟ್ಟು, ಮಿತಿ ಮೀರಿ ರೊಕ್ಕಾ ಕೊಟ್ಟಿದ್ರು. ಏಪ್ರಿಲ್‌ದಾಗ ಬಯಲಾತು. 2007, 2009ರ ಪಟ್ಟ ಕಸಗೊಂಡ್ರು. ಆ ವರ್ಷ ಗಳಿಸಿದ್ದ ಅಂಕಾನೂ ಹೋತು, ಮುಂದ ಗೆದ್ರೂ ಅಂಕ ಇಲ್ಲ ಅಂದ್ರು.

ಆದ್ರೂ ಹುಡುಗರು ಸೀಸನ್ ಮುಗಿಯೋತನಕ ಆಡಿದ್ರು. ಒಟ್ಟು 24 ಪಂದ್ಯದಾಗ 14 ಗೆದ್ರು. ಪಟ್ಟಿಯೊಳಗ ಮಾತ್ರ ಕಡೀ ಸ್ಥಾನ, ಹೆಸರಿನ ಮುಂದ ಸೊನ್ನಿ.

ಶಿಕ್ಷಾ ತಪ್ಪು ಅನ್ನಂಗಿಲ್ಲ ನಾ. ಕಳ್ಳ ಲೆಕ್ಕ ಕಳ್ಳ ಲೆಕ್ಕನ. ಆದ್ರ ಅಂಕ ಇಲ್ಲದ ಆಟ ನಮಗೇನು ಹೊಸಾದಲ್ಲ. ರೊಟ್ಟಿ ಬಡದದ್ದು, ಹಿರಿಯರಿಗೆ ಹೊತ್ತಿಗೆ ಸರಿಯಾಗಿ ಗುಳಿಗಿ ಕೊಟ್ಟದ್ದು ಯಾವ ವಹಿಯೊಳಗ ಬರದಾರ?

ಅವರ ಸೊನ್ನಿ ಒಂದು ವರ್ಷದ್ದು, ತಪ್ಪಿಗೆ ತಕ್ಕದ್ದು. 2012ರಾಗ ಫೈನಲ್‌ನೊಳಗ ಕ್ಯಾಂಟರ್‌ಬರಿ ಬುಲ್‌ಡಾಗ್ಸ್‌ನ 14-4ರಿಂದ ಸೋಲಿಸಿ ಮತ್ತ ಪಟ್ಟಕ್ಕೇರಿದ್ರು. ನಮ್ಮ ಸೊನ್ನಿ ಯಾವ ತಪ್ಪಿಗೆ, ಎಷ್ಟು ವರ್ಷದ್ದು ಅಂತ ಯಾರನ್ನ ಕೇಳೋಣ್ರಿ, ಅಕ್ಕಾರ?